ಅಪ್ಪ ಸ್ಟೆಂಟ್ ಮಾತ್ರೆ ಬಿಟ್ಟು ಮೂರು ವಾರ. ‘ಸಂಶೋಧನೆಯೇ ಹೇಳಿದೆ’ ಅಂತಾರೆ, ಆ ಸಂಶೋಧನೆ ನಿಜವೂ ಹೌದು. ಏನು ಮಾಡ್ಲಿ?

ಯಗಚಿ · ಆಗಸ್ಟ್ 10, 2025, ರಾತ್ರಿ 9:52

ನಮ್ಮದು ಹಾಸನ ಜಿಲ್ಲೆ, ನಾನಿರೋದು ಬೆಂಗಳೂರಲ್ಲಿ. ಅಪ್ಪನಿಗೆ 68, ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವರು. 2019ರಲ್ಲಿ ಎದೆನೋವು ಬಂದು ಒಂದು ಸ್ಟೆಂಟ್ ಹಾಕಿದ್ರು. ಅವತ್ತಿಂದ ಎಕೋಸ್ಪ್ರಿನ್ (ಅಂದ್ರೆ ಆಸ್ಪಿರಿನ್), ಬಿಪಿ ಮಾತ್ರೆ, ರಾತ್ರಿ ಊಟ ಆದ್ಮೇಲೆ ಕೊಲೆಸ್ಟ್ರಾಲ್ ಮಾತ್ರೆ. ಆರು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ.

ಜೂನ್-ಜುಲೈಯಲ್ಲಿ ನಮ್ಮ ಜಿಲ್ಲೆಯಲ್ಲಿ 40 ದಿನಕ್ಕೆ 20ಕ್ಕೂ ಹೆಚ್ಚು ಜನ ಹಾರ್ಟ್ ಅಟ್ಯಾಕ್ ಆಗಿ ಸತ್ರು ಅನ್ನೋ ಸುದ್ದಿ ಟಿವಿಯಲ್ಲಿ ಬೆಳಗಿಂದ ರಾತ್ರಿವರೆಗೂ ಓಡ್ತಿತ್ತಲ್ಲ, ಊರೋರೆಲ್ಲ ಹೆದರಿ ಮೈಸೂರು ಜಯದೇವ ಹೃದಯ ಆಸ್ಪತ್ರೆಗೆ ಹೋಗಿ ಕ್ಯೂ ನಿಂತ್ರು. ನಮ್ಮಪ್ಪನದು ಉಲ್ಟಾ. ಯಾರೋ ಕಳಿಸಿದ ವಿಡಿಯೋ ನೋಡಿ ಎಕೋಸ್ಪ್ರಿನ್ನೂ ಕೊಲೆಸ್ಟ್ರಾಲ್ ಮಾತ್ರೆನೂ ನಿಲ್ಲಿಸಿಬಿಟ್ಟಿದ್ದಾರೆ. ಅಮ್ಮ ನಿನ್ನೆ ಫೋನಲ್ಲಿ ಪಿಸುಮಾತಲ್ಲಿ ಹೇಳಿದ್ದು.

ವಿಡಿಯೋದಲ್ಲಿರೋದು ಇಷ್ಟು: ಆಸ್ಟ್ರೇಲಿಯಾ, ಅಮೆರಿಕದಲ್ಲಿ 19,114 ವಯಸ್ಸಾದವರ ಮೇಲೆ ಪರೀಕ್ಷೆ ಮಾಡಿದ್ರು, ಆಸ್ಪಿರಿನ್‌ನಿಂದ ಹೃದಯಕ್ಕೆ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ 38% ಜಾಸ್ತಿ ಆಯ್ತು. ಸುಳ್ಳು ಅಂತ ತೋರಿಸೋಣ ಅಂತ ಹುಡುಕಿದೆ. ಸುಳ್ಳಲ್ಲ! 2018ರಲ್ಲಿ ಪ್ರಕಟವಾದ ಆಸ್ಪ್ರೀ ಅನ್ನೋ ಅಧ್ಯಯನ, ಅಂಕಿಗಳೂ ಸರಿಯಾಗೇ ಇವೆ. ಅಪ್ಪ ಫಾರ್ವರ್ಡ್ ಕಳಿಸಿದಾಗಲೆಲ್ಲ “ಇದಕ್ಕೆ ಆಧಾರ ಏನಪ್ಪಾ?” ಅಂತ ಕೇಳಿ ಕೇಳಿ ಅಭ್ಯಾಸ ಮಾಡಿಸಿದ್ದು ನಾನೇ. ಈಗ ಆಧಾರ ಹಿಡ್ಕೊಂಡೇ ಕೂತಿದ್ದಾರೆ.

ಮೇಲಾಗಿ ಮುಂಗೈ ಮೇಲೆ ಆಗಾಗ ನೀಲಿ ಕಲೆ ಆಗುತ್ತೆ, ರಾತ್ರಿ ಮೀನಖಂಡ ಹಿಡಿಯುತ್ತೆ. “ನೋಡು, ನನ್ನ ಮೈಯೇ ಹೇಳ್ತಿದೆ” ಅಂತಾರೆ. ಅವರ ಜೊತೆ ಜಗಳ ಆಡದೆ ಮಾತಾಡೋಕೆ ಏನಾದ್ರೂ ಇದ್ರೆ ಹೇಳಿ.


ತಿಪಟೂರು ಫಾರ್ಮಸಿ · ರಾತ್ರಿ 10:08

ಮೇಡಂ, ಚರ್ಚೆ ಆಮೇಲೆ. ಸ್ಟೆಂಟ್ ಹಾಕಿದ ಡಾಕ್ಟರಿಗೆ ಅಥವಾ ಅವರ ಆಸ್ಪತ್ರೆಗೆ ನಾಳೆ ಬೆಳಿಗ್ಗೆನೇ ಫೋನ್ ಮಾಡಿ. ಸ್ಟೆಂಟ್ ಇರೋರು ರಕ್ತ ತೆಳು ಮಾಡೋ ಮಾತ್ರೆಯನ್ನ ತಾವಾಗಿ ಬಿಡೋದು ಬಿಪಿ ಮಾತ್ರೆ ಒಂದಿನ ಮರೆತ ಹಾಗಲ್ಲ. ಎದೆ ಬಿಗಿತ, ಏದುಸಿರು, ಎಡಗೈ ಅಥವಾ ದವಡೆ ನೋವು ಅಂದ್ರೆ ಫೋನೂ ಬೇಡ, ಸೀದಾ ಆಸ್ಪತ್ರೆ.

ಒಂದು ತಮಾಷೆ ಹೇಳ್ತೀನಿ. ಜುಲೈಯಲ್ಲಿ ನಮ್ಮ ಅಂಗಡಿಗೆ ಬಂದೋರು ನಿಮ್ಮ ತಂದೆಗೆ ಪೂರ್ತಿ ವಿರುದ್ಧ. ಮೂವತ್ತೈದು ವರ್ಷದ ಗಟ್ಟಿಮುಟ್ಟು ಹುಡುಗ್ರು, “ಅಣ್ಣಾ, ಹಾರ್ಟಿಗೆ ಒಂದು ಮಾತ್ರೆ ಬರುತ್ತಂತಲ್ಲ, ಒಂದು ಪಟ್ಟಿ ಕೊಡಿ” ಅಂತ. ಚೀಟಿ ಇಲ್ಲ, ಇಸಿಜಿ ಇಲ್ಲ. ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗೋರು. ಬೇಕಾದೋರು ಬಿಟ್ರು, ಬೇಡದೋರು ನುಂಗಿದ್ರು.


ಯಗಚಿ · ರಾತ್ರಿ 10:15

ಫೋನ್ ಖಂಡಿತ ಮಾಡ್ತೀನಿ. ಆದ್ರೆ ಅಪ್ಪ ಡಾಕ್ಟರ್ ಹೇಳಿದ್ರು ಅಂತ ಒಪ್ಪೋರಲ್ಲ, ಲೆಕ್ಕ ಕೇಳ್ತಾರೆ.


ಸಾಧನಕೇರಿ · ರಾತ್ರಿ 11:20

ಲೆಕ್ಕ ಕೇಳ್ತಾರ ಅಂದ್ರ ಒಳ್ಳೇದಾತು ಬಿಡು ತಂಗಿ. ನಾನು ಮೂವತ್ತು ವರ್ಷ ಕಾಲೇಜಿನ್ಯಾಗ ಸಂಖ್ಯಾಶಾಸ್ತ್ರ ಕಲಿಸಿದಾಂವ. ಲೆಕ್ಕ ಕೇಳೋ ಮನಶ್ಯಾನ ಕೂಡ ಮಾತಾಡೋದು ಸುಲಭ.

ಆ ಅಧ್ಯಯನದಾಗ ಯಾರನ್ನ ಸೇರಿಸ್ಕೊಂಡಿದ್ರು ಅನ್ನೋದನ್ನ ನಿಮ್ಮಪ್ಪಗ ಓದಿಸು. ಬಹಳ ಮಂದಿ 70 ದಾಟಿದವರು. ಅವರ ಪೈಕಿ ಯಾರಿಗೂ ಹಿಂದ ಹಾರ್ಟ್ ಅಟ್ಯಾಕ್ ಆಗಿದ್ದಿಲ್ಲ, ಪಾರ್ಶ್ವವಾಯು ಆಗಿದ್ದಿಲ್ಲ. ಹೃದಯದ ರೋಗ ಗೊತ್ತಿದ್ದವರನ್ನ ಬಾಗಿಲದಾಗ ನಿಲ್ಲಿಸಿ ವಾಪಸ್ ಕಳಿಸ್ಯಾರ. ಅಂದ್ರ 2019ರಾಗ ಸ್ಟೆಂಟ್ ಹಾಕಿಸ್ಕೊಂಡ ನಿಮ್ಮಪ್ಪ ಆ 19,114ರಾಗ ಒಬ್ಬರಾಗಲಿಕ್ಕೆ ಸಾಧ್ಯನ ಇದ್ದಿದ್ದಿಲ್ಲ. ಅವರು ಓದಿದ್ದು ಖರೆ ಪತ್ರ, ಆದ್ರ ವಿಳಾಸ ಬ್ಯಾರೆಯವರದು.

ಈಗ ಅವರ ವಿಳಾಸಕ್ಕ ಬಂದ ಪತ್ರ ಹೇಳ್ತೀನಿ. 2009ರಾಗ ಆಸ್ಪಿರಿನ್ ಮ್ಯಾಲಿನ ಹಳೇ ಪರೀಕ್ಷೆಗಳನ್ನೆಲ್ಲ ಒಂದುಗೂಡಿಸಿ ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕಾದಾಗ ಲೆಕ್ಕಾ ಹಾಕಿದ್ರು. ಈಗಾಗಲೇ ಹೃದಯರೋಗ ಅಥವಾ ಪಾರ್ಶ್ವವಾಯು ಆದವರಾಗ, ಮಾತ್ರಿ ಇಲ್ಲದ ಸಾವಿರ ಮಂದ್ಯಾಗ ವರ್ಷಕ್ಕ 82 ಮಂದಿಗೆ ಮತ್ತ ದೊಡ್ಡ ಹೊಡೆತ ಬಿತ್ತು. ಮಾತ್ರಿ ತಗೊಂಡ ಸಾವಿರದಾಗ 67. ಹದಿನೈದು ಮಂದಿ ಉಳದ್ರು. ಏನೂ ರೋಗ ಇಲ್ಲದವರಾಗ? ಸಾವಿರದ ಲೆಕ್ಕ ಸಾಲೂದಿಲ್ಲ, ಹತ್ತು ಸಾವಿರಕ್ಕ ಹೋಗಬೇಕು. 57 ಇದ್ದದ್ದು 51 ಆತು. ಆರು ಮಂದಿ.

ಶೇಕಡಾದಾಗ ಹೇಳಿದ್ರ ಒಂದು ಕಡೆ ಸುಮಾರು ಐದನೇ ಒಂದು ಪಾಲು ಕಡಿಮಿ, ಇನ್ನೊಂದು ಕಡೆ 12% ಕಡಿಮಿ. ಕೇಳಲಿಕ್ಕೆ ಅಣ್ಣತಮ್ಮ ಇದ್ಧಂಗ ಅದಾವ. ತಲಿ ಎಣಿಸಿದ್ರ ಹತ್ತು ಸಾವಿರಕ್ಕ 150, ಮತ್ತ 6. ಇಪ್ಪತ್ತೈದು ಪಟ್ಟು ಫರಕು! ಅದೇ ಮಾತ್ರಿ, ಮಂದಿ ಬ್ಯಾರೆ, ಅಷ್ಟ.

ಆ 38%ನೂ ಬಿಡಿಸಿ ನೋಡು. ಸಾವಿರ ಮಂದ್ಯಾಗ ವರ್ಷಕ್ಕ 6.2 ಇದ್ದ ದೊಡ್ಡ ರಕ್ತಸ್ರಾವ 8.6 ಆತು. ಸಾವಿರಕ್ಕ ಸುಮಾರು ಎರಡೂವರಿ, ಅಂದ್ರ ಹತ್ತು ಸಾವಿರಕ್ಕ 24 ಹೆಚ್ಚು. ಇದು ಸಣ್ಣದು ಅಂತ ನಾ ಅನ್ನೂದಿಲ್ಲ, ಹೊಟ್ಯಾಗ ಅಥವಾ ಮಿದುಳಿನ್ಯಾಗ ರಕ್ತ ಸೋರೋದು ಸಣ್ಣ ಮಾತಲ್ಲ. ಲಾಭ ಆರು ಮಂದೀದು ಇದ್ದಲ್ಲಿ ಈ ನಷ್ಟ ಭಾರ ಆಗತದ, ಅದಕ್ಕ ಆರೋಗ್ಯವಂತರಿಗೆ ಬ್ಯಾಡ ಅಂದ್ರು. ನೂರೈವತ್ತು ಇದ್ದಲ್ಲಿ ತಕ್ಕಡಿ ಬ್ಯಾರೆ ಕಡೆ ವಾಲತದ.


ತಿಪಟೂರು ಫಾರ್ಮಸಿ · ರಾತ್ರಿ 11:31

ಮೇಷ್ಟ್ರೇ, ಇದನ್ನ ಪ್ರಿಂಟ್ ತೆಗೆದು ಕೌಂಟರ್ ಮೇಲೆ ಅಂಟಿಸ್ತೀನಿ. “ಹಾರ್ಟಿಗೆ ಒಂದು ಮಾತ್ರೆ” ಗಿರಾಕಿಗಳಿಗೆ.


ಅನುಮಾನಪ್ಪ · ಆಗಸ್ಟ್ 11, ಬೆಳಿಗ್ಗೆ 7:04

ಎಲ್ಲ ಸರಿ. ಆದರೆ ಈ ಅಧ್ಯಯನಗಳಿಗೆ ದುಡ್ಡು ಹಾಕೋರು ಯಾರು? ಔಷಧಿ ಕಂಪನಿಗಳು. ನಿನ್ನೆ ಒಳ್ಳೇದು ಅಂದಿದ್ದು ಇವತ್ತು ಕೆಟ್ಟದ್ದು, ನಾಳೆ ಮತ್ತೆ ಒಳ್ಳೇದು. ಮೊಟ್ಟೆ ತಿನ್ನಬೇಡಿ ಅಂದ್ರು, ತಿನ್ನಿ ಅಂದ್ರು. ತೆಂಗಿನೆಣ್ಣೆ ವಿಷ ಅಂದ್ರು, ಅಮೃತ ಅಂದ್ರು. ಆ ತಂದೆ ಬೇಸತ್ತು ಬಿಟ್ಟಿದ್ದರಲ್ಲಿ ತಪ್ಪೇನಿದೆ?


ಸಾಧನಕೇರಿ · ಬೆಳಿಗ್ಗೆ 8:45

ಅನುಮಾನ ಇರಬೇಕು ಅನುಮಾನಪ್ಪಾರ, ನಿಮ್ಮ ಹೆಸರಿಗೆ ತಕ್ಕಂಗ. ಆದ್ರ ಎಲ್ಲಾದರ ಮ್ಯಾಲೂ ಸಮನಾಗಿ ಅನುಮಾನ ಪಡೋದು ಏನೂ ಓದದ ನಂಬಿಧಂಗನ. ಆಸ್ಪ್ರೀಗೆ ಮುಖ್ಯವಾಗಿ ರೊಕ್ಕ ಕೊಟ್ಟದ್ದು ಅಮೆರಿಕ, ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆಗಳು. ಬಂದ ಉತ್ತರನೂ ‘ಮಾತ್ರಿ ಬ್ಯಾಡ’ ಅಂತ.

ವೈದ್ಯರೇ ಮೋಸ ಹೋದ ಕಥಿ ಬೇಕಾ? ಹಾರ್ಟ್ ಅಟ್ಯಾಕ್ ಆದವರಿಗೆ ಎದಿಬಡಿತ ತಾಳ ತಪ್ಪತದ, ತಾಳ ತಪ್ಪಿದವರು ಹೆಚ್ಚು ಸಾಯ್ತಾರ. ಹಂಗಾದ್ರ ತಾಳ ಸರಿ ಮಾಡೋ ಔಷಧಿ ಕೊಟ್ರ ಉಳೀತಾರ ಅಂತ ಎಲ್ಲಾರೂ ತಿಳದ್ರು. ತರ್ಕ ಎಷ್ಟು ಚಂದ ಐತಿ ನೋಡ್ರಿ. ಎನ್‌ಕೈನೈಡ್, ಫ್ಲೆಕೈನೈಡ್ ಅಂತ ಎರಡು ಔಷಧಿ. ತಾಳ ಖರೇನ ಸರಿ ಆಗತಿತ್ತು, ಇಸಿಜಿ ಚಂದ ಕಾಣತಿತ್ತು. ಅಮೆರಿಕದ ಕಾಸ್ಟ್ ಅನ್ನೋ ಪರೀಕ್ಷಾದಾಗ 1,498 ಮಂದಿಗೆ ಚೀಟಿ ಎತ್ತಿಧಂಗ ಅರ್ಧಕ್ಕ ಔಷಧಿ, ಅರ್ಧಕ್ಕ ಔಷಧಿ ಇಲ್ಲದ ಖಾಲಿ ಮಾತ್ರಿ ಕೊಟ್ರು. ಸುಮಾರು ಹತ್ತು ತಿಂಗಳದಾಗ ಖಾಲಿ ಮಾತ್ರಿಯವರಾಗ ಸತ್ತವರು 26, ಔಷಧಿಯವರಾಗ 63. 1989ರಾಗ ಅರ್ಧಕ್ಕ ನಿಲ್ಲಿಸಿದ್ರು. ಪರೀಕ್ಷಾ ಮಾಡದ ಇದ್ದಿದ್ರ ಇವತ್ತಿಗೂ ಕೊಡತಿದ್ರು, ರೋಗಿ ಸತ್ರ ‘ಹೃದಯ ದುರ್ಬಲ ಇತ್ತು’ ಅಂತಿದ್ರು.

ಮೊಟ್ಟಿ, ತೆಂಗಿನೆಣ್ಣಿ ಸುದ್ದಿ ದಿನಾ ತಿರುಗೂದು ಬ್ಯಾರೆ ಕಾರಣಕ್ಕ. ಅಲ್ಲಿ ಚೀಟಿ ಎತ್ತಿ ‘ನೀ ಇಪ್ಪತ್ತು ವರ್ಷ ಮೊಟ್ಟಿ ತಿನ್ನು, ನೀ ತಿನಬ್ಯಾಡ’ ಅನ್ನಲಿಕ್ಕೆ ಬರೂದಿಲ್ಲ. ತಿಂದವರನ್ನ, ಬಿಟ್ಟವರನ್ನ ದೂರ ನಿಂತು ನೋಡೋದಷ್ಟ. ಬಿಟ್ಟವರು ಬ್ಯಾರೆ ಏನೇನು ಬಿಟ್ಟಾರೋ, ದಿನಾ ವಾಕಿಂಗ್ ಹೋಗ್ತಾರೋ, ಕೈಯಾಗ ರೊಕ್ಕ ಎಷ್ಟೈತೋ, ಎಲ್ಲಾ ಕಲಸಿಹೋಗತದ.


ಪಡುಬಿದ್ರಿ ಸಿಸ್ಟರ್ · ಮಧ್ಯಾಹ್ನ 1:17

ಇಂಗ್ಲೆಂಡಿನಿಂದ ನಮಸ್ಕಾರ. ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆಯ್ತು, ನರ್ಸ್ ಕೆಲಸ. ಈ ‘ಶೇಕಡಾ’ ಕತೆ ನಮಗೆ ಇಲ್ಲಿ ಮೊದಲ ದಿನವೇ ಹೇಳಿ ಹೆದರಿಸುವುದುಂಟು.

1995ರ ಅಕ್ಟೋಬರಿನಲ್ಲಿ ಇಲ್ಲಿಯ ಔಷಧ ಸುರಕ್ಷತಾ ಸಮಿತಿಯವರು ಎಲ್ಲ ಡಾಕ್ಟರುಗಳಿಗೆ ಪತ್ರ ಬರೆದ್ರು. ಹೊಸ ನಮೂನೆಯ ಗರ್ಭನಿರೋಧಕ ಗುಳಿಗೆಯಿಂದ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಎರಡು ಪಟ್ಟು ಅಂತ. ಪೇಪರಿನವರು ಬಿಡ್ತಾರಾ? ದೊಡ್ಡಕ್ಷರದಲ್ಲಿ ಬಂತು. ಹುಡುಗಿಯರು ಹೆದರಿ ಗುಳಿಗೆ ಬಿಟ್ರು. ಮರುವರ್ಷ ಇಂಗ್ಲೆಂಡು-ವೇಲ್ಸಿನಲ್ಲಿ ಹೆಚ್ಚುವರಿ ಗರ್ಭಪಾತ ಎಷ್ಟು ಗೊತ್ತುಂಟಾ? ಸುಮಾರು 13 ಸಾವಿರ.

‘ಎರಡು ಪಟ್ಟು’ ಅಂದ್ರೆ ಎಂತ ಇತ್ತು? ಹಳೆ ಗುಳಿಗೆಯಲ್ಲಿ 7,000 ಹೆಂಗಸರಲ್ಲಿ ಒಬ್ಬರಿಗೆ, ಹೊಸದರಲ್ಲಿ 7,000ದಲ್ಲಿ ಇಬ್ಬರಿಗೆ. ಅಷ್ಟೇ ಮಾರಾಯ್ರೆ. ಗರ್ಭಿಣಿ ಆದ್ರೆ ಹೆಪ್ಪು ಕಟ್ಟುವ ಅಪಾಯ ಅದಕ್ಕಿಂತ ಜಾಸ್ತಿ! ಸುಳ್ಳು ಯಾರೂ ಹೇಳಲಿಲ್ಲ. ಆ 7,000 ಅನ್ನುವ ಅಂಕಿ ಒಂದನ್ನು ಬಿಟ್ಟುಬಿಟ್ರು.

ಯಗಚಿಯವರೇ, ತಂದೆಯ ಮೀನಖಂಡದ ನೋವಿನ ಬಗ್ಗೆ. ಅದನ್ನು ‘ನಿಮಗೆ ಭ್ರಮೆ’ ಅಂತ ಮಾತ್ರ ಹೇಳಬೇಡಿ, ನೋವು ನೋವೇ. ಆದ್ರೆ ಲಂಡನ್ನಿನಲ್ಲಿ ಒಂದು ಚಂದದ ಪರೀಕ್ಷೆ ಮಾಡಿದ್ದಾರೆ, ಸ್ಯಾಮ್ಸನ್ ಅಂತ ಹೆಸರು, 2020ರಲ್ಲಿ ಬಂತು. ಸ್ಟಾಟಿನ್, ಅಂದ್ರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ತಗೊಂಡು ಮೈಕೈ ನೋವಿನಂಥ ತೊಂದರೆ ಅಂತ ಬಿಟ್ಟ 60 ಜನರನ್ನೇ ಕರೆದ್ರು. ಹನ್ನೆರಡು ತಿಂಗಳಿಗೆ ಹನ್ನೆರಡು ಬಾಟಲಿ. ನಾಲ್ಕರಲ್ಲಿ ನಿಜ ಮಾತ್ರೆ, ನಾಲ್ಕರಲ್ಲಿ ಹಾಗೇ ಕಾಣುವ ಖಾಲಿ ಮಾತ್ರೆ, ನಾಲ್ಕು ಬಾಟಲಿಯಲ್ಲಿ ಮಾತ್ರೆಯೇ ಇಲ್ಲ. ಪ್ರತಿ ದಿನ ತೊಂದರೆಗೆ ಅಂಕ ಹಾಕಬೇಕು. ಏನೂ ನುಂಗದ ತಿಂಗಳಲ್ಲಿ ತೊಂದರೆ ಕಡಿಮೆ. ನಿಜ ಮಾತ್ರೆ ತಿಂಗಳಲ್ಲಿ ಜಾಸ್ತಿ. ಖಾಲಿ ಮಾತ್ರೆ ತಿಂಗಳಲ್ಲಿ? ಹೆಚ್ಚುಕಡಿಮೆ ಅಷ್ಟೇ! ಮಾತ್ರೆಯಿಂದ ಆಗ್ತದೆ ಅಂದುಕೊಂಡಿದ್ದ ತೊಂದರೆಯ 90% ಖಾಲಿ ಮಾತ್ರೆಯಲ್ಲೂ ಬಂತು. ಫಲಿತಾಂಶ ತೋರಿಸಿದ ಮೇಲೆ ಅರ್ಧದಷ್ಟು ಜನ ವಾಪಸ್ ಮಾತ್ರೆ ಶುರು ಮಾಡಿದ್ರು.


ಅನುಮಾನಪ್ಪ · ಮಧ್ಯಾಹ್ನ 1:40

ಹಾಗಾದರೆ ಸ್ಟಾಟಿನ್‌ಗೆ ಅಡ್ಡ ಪರಿಣಾಮವೇ ಇಲ್ಲವಾ? ಶುಗರ್ ಬರುತ್ತೆ ಅಂತಾರಲ್ಲ.


ಪಡುಬಿದ್ರಿ ಸಿಸ್ಟರ್ · ಮಧ್ಯಾಹ್ನ 2:26

ಉಂಟು, ಯಾಕೆ ಇಲ್ಲ. 2022ರಲ್ಲಿ ದೊಡ್ಡ ದೊಡ್ಡ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದಾಗ ಮೊದಲ ವರ್ಷದಲ್ಲಿ ಸಾವಿರಕ್ಕೆ ಸುಮಾರು 11 ಜನರಿಗೆ ನಿಜವಾಗಿ ಮಾತ್ರೆಯಿಂದಲೇ ಸ್ನಾಯು ನೋವು ಬಂದಿತ್ತು. ಆ ಹನ್ನೊಂದರಲ್ಲಿ ಇವರ ತಂದೆ ಇರಬಹುದು, ಅದಕ್ಕೇ ಡಾಕ್ಟರಿಗೆ ಹೇಳಬೇಕು. ರಕ್ತ ಪರೀಕ್ಷೆ ಉಂಟು, ಡೋಸ್ ಇಳಿಸುವುದುಂಟು, ಬೇರೆ ಸ್ಟಾಟಿನ್ ಉಂಟು. ಶುಗರೂ ಸುಳ್ಳಲ್ಲ. ಕಡಿಮೆ-ಮಧ್ಯಮ ಡೋಸಿನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು 10% ಜಾಸ್ತಿ. ಹೆದರಬೇಡಿ, ಮೇಷ್ಟ್ರ ಹಾಗೆ ಬಿಡಿಸಿ: ವರ್ಷಕ್ಕೆ ನೂರರಲ್ಲಿ 1.2 ಇದ್ದದ್ದು 1.3. ದೊಡ್ಡ ಡೋಸಿನಲ್ಲಿ ಇನ್ನೂ ಜಾಸ್ತಿ. ಮೊದಲೇ ಶುಗರ್ ಅಂಚಿನಲ್ಲಿದ್ದವರೇ ಹೆಚ್ಚಾಗಿ ಗಡಿ ದಾಟುವುದು.

ನಮ್ಮ ಕೆಲವು ಡಾಕ್ಟರುಗಳೂ ಇದನ್ನೆಲ್ಲ ಹೇಳುವುದಿಲ್ಲ, ‘ಏನೂ ಆಗುವುದಿಲ್ಲ, ನುಂಗಿ’ ಅಂತ ಕಳಿಸ್ತಾರೆ. ಆಮೇಲೆ ರೋಗಿಗೆ ವಿಡಿಯೋದಲ್ಲಿ ಗೊತ್ತಾದ್ರೆ ಡಾಕ್ಟರ್ ಮುಚ್ಚಿಟ್ರು ಅಂತ ಅನಿಸದೆ ಇರ್ತದಾ?


ಮೀಟರ್ ಹಾಕ್ತೀನಿ · ರಾತ್ರಿ 10:50

ಎಲ್ಲಾ ಓದ್ದೆ. ನಾನು ಬೆಂಗ್ಳೂರಲ್ಲಿ ಆಟೋ ಓಡ್ಸೋದು, ಊರು ಚನ್ನರಾಯಪಟ್ಟಣ ಕಡೆ. ನಂಗೆ 41. ಹಾಸನದಲ್ಲಿ ಸತ್ತೋರಲ್ಲಿ ಆಟೋ, ಕ್ಯಾಬ್ ಓಡ್ಸೋರೂ ಇದ್ರು ಅಂತ ಸುದ್ದಿ ಬಂದಾಗಿಂದ ಹೆಂಡ್ತಿ ರಾತ್ರಿ ಎದ್ದು ನನ್ನ ಮೂಗಿನ ಹತ್ರ ಕೈ ಇಟ್ಟು ನೋಡ್ತಾಳೆ. ಎರಡು ಡೋಸ್ ಕೋವಿಶೀಲ್ಡ್ ಹಾಕ್ಸಿದೀನಿ. ಅದ್ರಿಂದಾನೇ ಅಂತ ಸ್ಟ್ಯಾಂಡಲ್ಲಿ ಎಲ್ರೂ ಅಂತಾರೆ. ಕಂಪ್ನಿನೇ ಕೋರ್ಟಲ್ಲಿ ಒಪ್ಕೊಂಡಿದೆ ಅಂತಾರೆ. ನಿಜ ಹೇಳಿ.


ಪಡುಬಿದ್ರಿ ಸಿಸ್ಟರ್ · ರಾತ್ರಿ 11:35

ನಿಜವೇ ಹೇಳ್ತೇನೆ. ಕೋರ್ಟಿನಲ್ಲಿ ಒಪ್ಪಿಕೊಂಡದ್ದು ಹೌದು. ಆ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್ಲೆಟ್ ಇಳಿಯುವ ಕಾಯಿಲೆ ಬರಬಹುದು ಅಂತ 2024ರಲ್ಲಿ ಸುದ್ದಿಯಾಯ್ತು. ಆದ್ರೆ ಅದು ಹೊಸ ವಿಷಯ ಅಲ್ಲ. 2021ರಲ್ಲೇ ಗೊತ್ತಾಗಿ ಇಲ್ಲಿ 40ಕ್ಕಿಂತ ಚಿಕ್ಕವರಿಗೆ ಬೇರೆ ಲಸಿಕೆ ಕೊಡ್ಲಿಕ್ಕೆ ಶುರು ಮಾಡಿದ್ರು. ಮೊದಲ ಡೋಸಿನ ನಂತರ ಹೆಚ್ಚುಕಡಿಮೆ ಲಕ್ಷಕ್ಕೆ ಒಂದರ ಲೆಕ್ಕ, ಚಿಕ್ಕ ವಯಸ್ಸಿನವರಲ್ಲಿ ಸ್ವಲ್ಪ ಜಾಸ್ತಿ. ಮುಖ್ಯ ಏನಂದ್ರೆ ಅದು ಬರುವುದಿದ್ರೆ ಚುಚ್ಚಿಸಿಕೊಂಡ ಮೊದಲ ಕೆಲವು ವಾರಗಳಲ್ಲೇ ಬರ್ತದೆ. ನಾಲ್ಕು ವರ್ಷ ಕಾದು ಕೂತು ಬರುವುದಲ್ಲ. ನಿಮ್ಮ ಹೆಂಡತಿಗೆ ಇದೊಂದು ಮಾತು ಹೇಳಿ.


ಸಾಧನಕೇರಿ · ಆಗಸ್ಟ್ 12, ಬೆಳಿಗ್ಗೆ 6:30

ತಮ್ಮಾ, ನಿದ್ದಿ ಬರಲಿಲ್ಲ, ಹಾಸನದ್ದೊಂದು ಲೆಕ್ಕ ಹಾಕಿದೆ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆ 17.76 ಲಕ್ಷ ಮಂದಿ. ನಮ್ಮ ರಾಜ್ಯದಾಗ ವರ್ಷಕ್ಕ ಸಾವಿರಕ್ಕ ಆರೇಳು ಮಂದಿ ಸಾಯ್ತಾರ. ಅಂದ್ರ ಆ ಒಂದು ಜಿಲ್ಲಾದಾಗ ನಲವತ್ತು ದಿನಕ್ಕ ಸಾವಿರದ ಇನ್ನೂರರ ಮ್ಯಾಲೆ. ಈ ದೇಶದಾಗ ನಾಕು ಸಾವಿನ್ಯಾಗ ಒಂದು ಹೃದಯ-ರಕ್ತನಾಳದ್ದು. ಅಂದ್ರ ನಲವತ್ತು ದಿನದಾಗ ಮುನ್ನೂರರ ಆಸುಪಾಸು ಹೃದಯದ ಸಾವು ಸುದ್ದಿ ಇಲ್ಲದ ಆಗತಾವ. ಬಹಳಷ್ಟು ವಯಸ್ಸಾದವರದು, ಖರೆ. ಹರೇದ ಹುಡುಗ ಸತ್ರ ಆ ಮನಿಗೆ ಅದು ಸಂಖ್ಯೆ ಅಲ್ಲ, ಅದೂ ಖರೆ. ಆದ್ರ ‘40 ದಿನದಾಗ 20ಕ್ಕೂ ಹೆಚ್ಚು’ ಅನ್ನೋ ಸುದ್ದಿ ಕೇಳಿದಾಗ ನಾವು ಕೇಳಬೇಕಾದ್ದು ‘ಹೋದ ವರ್ಷ ಇದೇ ನಲವತ್ತು ದಿನದಾಗ ಎಷ್ಟಿತ್ತು?’ ಅಂತ. ಟಿವಿಯವರು ಹೋದ ವರ್ಷ ಎಣಿಸಿದ್ದಿಲ್ಲ, ಈ ವರ್ಷ ಎಣಿಸಲಿಕ್ಕೆ ಕುಂತ್ರು.

ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿದ 24 ಸಾವಿನ್ಯಾಗ 4 ಹೃದಯದ್ದ ಅಲ್ಲ ಅಂತ ಬಂತು. ಲಸಿಕಿಗೂ ಹಠಾತ್ ಹೃದಯದ ಸಾವಿಗೂ ಸಂಬಂಧ ಕಾಣಲಿಲ್ಲ ಅಂತ ವರದಿ ಕೊಟ್ರು.

ಆ ಸಮಿತಿ ಲೆಕ್ಕದ ಬಗ್ಗೆನೂ ನಂದೊಂದು ತಕರಾರು ಐತಿ, ಮೇಷ್ಟ್ರು ಬುದ್ಧಿ ಬಿಡೂದಿಲ್ಲ. ಜಯದೇವಕ್ಕ ಬಂದ 45 ವರ್ಷದೊಳಗಿನ 251 ರೋಗಿಗಳನ್ನ ನೋಡಿದ್ರು. 111 ಮಂದಿ ಸೇದವರು, 102 ಮಂದಿಗೆ ಬಿಪಿ, 87 ಮಂದಿಗೆ ಸಕ್ಕರಿ ಕಾಯಿಲಿ, ಕೋವಿಡ್ ಆಗಿದ್ದವರು ಬರೇ 19. ಇದು ರೋಗಿಗಳ ಪಟ್ಟಿ ಅಷ್ಟ. ಅದೇ ವಯಸ್ಸಿನ, ಅದೇ ಓಣಿಯ, ರೋಗ ಬರದ ಮಂದೀನ್ನ ಪಕ್ಕದಾಗ ನಿಲ್ಲಿಸಿ ಹೋಲಿಸಬೇಕು. 251ರಾಗ 111 ಅಂದ್ರ 44%. ನಮ್ಮ ರಾಜ್ಯದ ವಯಸ್ಕರಾಗ ಸೇದವರು 2016-17ರ ಸಮೀಕ್ಷೆ ಪ್ರಕಾರ 8.8%, ಗಂಡಸರಾಗ ಅದಕ್ಕಿಂತ ಹೆಚ್ಚು. ಇಷ್ಟು ದೊಡ್ಡ ಫರಕು ಇದ್ದಾಗ ಕಣ್ಣಿಗೆ ಕಾಣತದ. ಫರಕು ಸಣ್ಣದಿದ್ರ ಪಟ್ಟಿ ಒಂದರಿಂದ ಏನೂ ಹೇಳಲಿಕ್ಕೆ ಬರೂದಿಲ್ಲ.

ಸರಿಯಾದ ಹೋಲಿಕಿ ಐಸಿಎಂಆರ್‌ನವರು, ಅಂದ್ರ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯವರು, 2023ರಾಗ ಮಾಡ್ಯಾರ. 19 ರಾಜ್ಯ-ಕೇಂದ್ರಾಡಳಿತ ಪ್ರದೇಶದ 47 ಆಸ್ಪತ್ರಿ, 18ರಿಂದ 45 ವಯಸ್ಸು, ಆರೋಗ್ಯವಾಗಿದ್ದು ಕಾರಣ ತಿಳೀದ ಹಠಾತ್ ಸತ್ತವರು 729 ಮಂದಿ. ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ನೆರೆಹೊರೆಯ ನಾಕು ಮಂದೀನ್ನ ಹುಡುಕಿ, 2,916 ಮಂದೀನ್ನ ಹೋಲಿಸಿದ್ರು. ಎರಡು ಡೋಸ್ ತಗೊಂಡವರಾಗ ಇಂಥ ಸಾವಿನ ಸಾಧ್ಯತೆ ಹೆಚ್ಚಲ್ಲ, ಅರ್ಧದಷ್ಟು ಕಡಿಮಿ ಬಂತು. ಹೆಚ್ಚು ಬಂದದ್ದು ಯಾರೊಳಗ? ಹಿಂದ ಕೋವಿಡ್ ಆಗಿ ಆಸ್ಪತ್ರಿ ಸೇರಿದವರು, ಮನಿತನದಾಗ ಹಠಾತ್ ಸಾವು ಇದ್ದವರು, ಸಾಯೋ 48 ತಾಸಿನೊಳಗ ವಿಪರೀತ ಕುಡದವರು, ಅಥವಾ ಮೈಮುರದು ಕಸರತ್ತು ಮಾಡಿದವರು.

ನೀ ಸೇದತಿಯೇನು?


ಮೀಟರ್ ಹಾಕ್ತೀನಿ · ಬೆಳಿಗ್ಗೆ 6:52

ಹೂಂ ಸಾರ್. ದಿನಕ್ಕೆ ಎಂಟು-ಹತ್ತು.


ಸಾಧನಕೇರಿ · ಬೆಳಿಗ್ಗೆ 7:15

ಹಂಗಾದ್ರ ಇದು ನಿನ್ನ ವಿಳಾಸದ ಪತ್ರ. ಬ್ರಿಟನ್ನಿನ್ಯಾಗ 1951ರಾಗ 34,439 ಗಂಡಸು ಡಾಕ್ಟರುಗಳ ಸಿಗರೇಟು ಚಟ ಬರಕೊಂಡು, ಐವತ್ತು ವರ್ಷ ಅವರ ಬೆನ್ನು ಹತ್ತಿದ್ರು. ರಿಚರ್ಡ್ ಡಾಲ್ ಅನ್ನೋ ವಿಜ್ಞಾನಿ ಶುರು ಮಾಡಿದಾಗ ಮೂವತ್ತೊಂಬತ್ತರ ಹುಡುಗ, 2004ರಾಗ ಕಡೀ ವರದಿ ಬರೆದಾಗ ತೊಂಬತ್ತೊಂದು! ಸೇದವರು ಸರಾಸರಿ ಹತ್ತು ವರ್ಷ ಮೊದಲ ಹೋದ್ರು. ಅರವತ್ತಕ್ಕ ಬಿಟ್ಟವರಿಗೆ ಮೂರು ವರ್ಷ ವಾಪಸ್ ಸಿಕ್ಕಿತು, ಐವತ್ತಕ್ಕ ಬಿಟ್ಟವರಿಗೆ ಆರು, ನಲವತ್ತಕ್ಕ ಬಿಟ್ಟವರಿಗೆ ಒಂಬತ್ತು. ನಿನಗ ನಲವತ್ತೊಂದು.


ಕವಳದ ಸಂಚಿ · ಬೆಳಿಗ್ಗೆ 9:10

ಸಿರ್ಸಿ ಕಡೆಯಿಂದ. ಇಷ್ಟೆಲ್ಲ ಲೆಕ್ಕ ಹೇಳುವ ಪಂಡಿತರು ಅಡಿಕೆ ವಿಷಯದಲ್ಲಿ ಎಂತಕ್ಕೆ ಸುಮ್ಮನಿದ್ದಾರೆ ಅಂತ ನೋಡ್ತಾ ಇದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಅಡಿಕೆಯನ್ನ ತಂಬಾಕಿನ ಜೊತೆ ಒಂದೇ ಗುಂಪಿನಲ್ಲಿ ಇಟ್ಟಿದೆ. ನಮ್ಮಜ್ಜ ತೊಂಬತ್ತೆರಡರವರೆಗೆ ದಿನಕ್ಕೆ ಹತ್ತು ಕವಳ ಹಾಕಿದವರು, ಹಲ್ಲು ಸಮೇತ ಹೋದರು. ಮಾಂಸವನ್ನೂ ಕ್ಯಾನ್ಸರ್ ಅಂದ್ರು, ಬಿಸಿ ಕಾಫಿಯನ್ನೂ ಅಂದ್ರು. ಇನ್ನು ಉಳಿದಿದ್ದು ಗಾಳಿ ಒಂದೇ.


ಪಡುಬಿದ್ರಿ ಸಿಸ್ಟರ್ · ಮಧ್ಯಾಹ್ನ 12:05

ಗಾಳಿಯೂ ಉಂಟು ಅದರಲ್ಲಿ, ಹೊರಗಿನ ಹೊಗೆಗಾಳಿ ಅದೇ ಒಂದನೇ ಗುಂಪು! 🙂

ಆದ್ರೆ ಅಣ್ಣ, ಆ ಗುಂಪುಗಳನ್ನು ಎಲ್ಲರೂ ತಪ್ಪು ಓದ್ತಾರೆ. ಸಾಕ್ಷಿ ಎಷ್ಟು ಗಟ್ಟಿ ಅಂತ ಹೇಳುವ ಗುಂಪು ಅದು, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. 2015ರಲ್ಲಿ ಸಂಸ್ಕರಿಸಿದ ಮಾಂಸ, ಅಂದ್ರೆ ಬೇಕನ್, ಸಾಸೇಜ್ ಇತ್ಯಾದಿ ಒಂದನೇ ಗುಂಪಿಗೆ ಬಂತು. ದಿನಾ 50 ಗ್ರಾಂ ತಿಂದ್ರೆ ಕರುಳಿನ ಕ್ಯಾನ್ಸರ್ 18% ಜಾಸ್ತಿ. ಇಲ್ಲಿಯ ಲೆಕ್ಕದಲ್ಲಿ ಇಡೀ ಜೀವಮಾನಕ್ಕೆ ನೂರರಲ್ಲಿ ಒಬ್ಬರು ಹೆಚ್ಚುವರಿ. ಬೀಡಿ-ಸಿಗರೇಟಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹತ್ತು-ಹದಿನೈದು ಪಟ್ಟು. ಗುಂಪು ಒಂದೇ, ಗಾತ್ರ ಬೇರೆ. ಪೊಲೀಸ್ ಠಾಣೆಯಲ್ಲಿ ‘ತಪ್ಪು ಸಾಬೀತು’ ಅಂತ ಒಂದೇ ಫೈಲಿನಲ್ಲಿ ಸೈಕಲ್ ಕಳ್ಳನೂ ಇರ್ತಾನೆ, ಬ್ಯಾಂಕ್ ದರೋಡೆಯವನೂ ಇರ್ತಾನೆ.

ಅಡಿಕೆ ಮಾತ್ರ, ಬೇಜಾರು ಮಾಡಬೇಡಿ, ಸೈಕಲ್ ಕಳ್ಳ ಅಲ್ಲ. ತಂಬಾಕು ಇಲ್ಲದ ಅಡಿಕೆಯನ್ನೂ ಆ ಕ್ಯಾನ್ಸರ್ ಸಂಸ್ಥೆಯ 2004ರ ವರದಿ ಒಂದನೇ ಗುಂಪಿಗೆ ಹಾಕಿತು. ಬಾಯಿ ಬಿಗಿದು ಚಮಚೆ ಒಳಗೆ ಹೋಗದ ರೋಗಿಗಳನ್ನು ನಾನು ಮಂಗಳೂರಿನಲ್ಲಿ ಟ್ರೈನಿಂಗ್ ಸಮಯದಲ್ಲಿ ಕಂಡಿದ್ದೇನೆ, ಇಪ್ಪತ್ತೈದು ವರ್ಷದ ಗುಟ್ಕಾ ಹುಡುಗರು. ನಿಮ್ಮಜ್ಜನಿಗೆ ಏನೂ ಆಗಲಿಲ್ಲ ಅಂದ್ರೆ ಸಂತೋಷ. ಐವತ್ತಕ್ಕೆ ಹೋದ ಅಜ್ಜಂದಿರ ಮೊಮ್ಮಕ್ಕಳು ಇಲ್ಲಿ ಬಂದು ಬರೆಯುವುದಿಲ್ಲ ಅಲ್ವಾ.


ಕವಳದ ಸಂಚಿ · ಮಧ್ಯಾಹ್ನ 12:40

ಗುಟ್ಕಾ ಬೇರೆ, ಕವಳ ಬೇರೆ ಅನ್ನುವುದು ನನ್ನ ವಾದ. ನಾಲ್ಕು ಎಕರೆ ತೋಟ ಇಟ್ಕೊಂಡವನ ವಾದ ಅಂತ ನೀವು ಹೇಳಬಹುದು, ಹೇಳಿ. ಬಿಸಿ ಕಾಫಿ ಕಥೆ ಎಂತದು ಹಾಗಾದ್ರೆ?


ಪಡುಬಿದ್ರಿ ಸಿಸ್ಟರ್ · ಮಧ್ಯಾಹ್ನ 1:30

ಅದು ಕಾಫಿಯ ತಪ್ಪಲ್ಲ. 2016ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಯಿಂದ ಕೆಳಗಿಳಿಸಿದ್ರು. ಆದ್ರೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ‘ಬಹುಶಃ’ ಕ್ಯಾನ್ಸರ್‌ಕಾರಕ ಅಂದ್ರು. ಇರಾನಿನ ಗೋಲೆಸ್ತಾನ್ ಕಡೆ ಕುದಿಯುವ ಚಹಾ ಕುಡಿಯುವ ರೂಢಿ. ಅಲ್ಲಿ ಐವತ್ತು ಸಾವಿರ ಜನರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿದ್ರು. ದಿನಕ್ಕೆ 700 ಮಿಲೀಗಿಂತ ಹೆಚ್ಚು, 60 ಡಿಗ್ರಿ ಮತ್ತು ಮೇಲೆ ಕುಡಿಯುವವರಿಗೆ ಅನ್ನನಾಳದ ಕ್ಯಾನ್ಸರ್ 90% ಜಾಸ್ತಿ ಅಂತ 2019ರಲ್ಲಿ ಬಂತು. ಪೇಪರಿನಲ್ಲಿ 90% ಮಾತ್ರ ಬಂತು. ಐವತ್ತು ಸಾವಿರದಲ್ಲಿ ಒಟ್ಟು ಕ್ಯಾನ್ಸರ್ ಆದದ್ದು 317 ಜನರಿಗೆ, ಅದೂ ಆ ರೋಗ ಜಗತ್ತಿನಲ್ಲೇ ಜಾಸ್ತಿ ಇರುವ ಊರಿನಲ್ಲಿ.


ನಿರ್ವಾಹಕ · ಮಧ್ಯಾಹ್ನ 2:00

ಅಡಿಕೆ ಬಗ್ಗೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಬನ್ನಿ. ಇಲ್ಲಿ ಯಗಚಿಯವರ ಪ್ರಶ್ನೆ ಉಳಿಯಲಿ.


ಯಗಚಿ · ಆಗಸ್ಟ್ 17, ರಾತ್ರಿ 8:30

ತಡವಾಗಿದ್ದಕ್ಕೆ ಕ್ಷಮಿಸಿ. ಸೋಮವಾರ ಬೆಳಿಗ್ಗೆನೇ ಆಸ್ಪತ್ರೆಗೆ ಫೋನ್ ಮಾಡಿದೆ, ಕರ್ಕೊಂಡು ಬನ್ನಿ ಅಂದ್ರು. ಹೋಗೋ ಮುಂಚಿನ ರಾತ್ರಿ ಸಾಧನಕೇರಿ ಮೇಷ್ಟ್ರ ಮೊದಲ ಉತ್ತರವನ್ನ ಅಪ್ಪನಿಗೆ ಹಾಗೇ ಓದಿ ಹೇಳಿದೆ. ಮಧ್ಯದಲ್ಲಿ ತಡೆದು, “ಹೃದಯರೋಗ ಇದ್ದವರನ್ನ ಸೇರಿಸಿಕೊಂಡೇ ಇಲ್ವಾ? ಆ ವಿಡಿಯೋದವನು ಇದನ್ನ ಹೇಳಲೇ ಇಲ್ಲ” ಅಂದ್ರು. ಎರಡು ಸಲ ಅಂದ್ರು. ಆಮೇಲೆ ಪೆನ್ನು ತಗೊಂಡು 82, 67, 57, 51 ಅಂತ ಕ್ಯಾಲೆಂಡರ್ ಹಿಂದೆ ಬರ್ಕೊಂಡ್ರು. ಮೇಷ್ಟ್ರ ಭಾಷೆ ಅವರಿಗೆ ಬಹಳ ಹಿಡಿಸ್ತು, ‘ಮಂದ್ಯಾಗ’ ಅಂತ ಈಗ ಮನೆಯಲ್ಲಿ ಅಣಕಿಸ್ತಾ ತಿರುಗ್ತಾರೆ.

ಡಾಕ್ಟರ್ ಬೈದಿಲ್ಲ. ಇಸಿಜಿ, ಎಕೋ ಮಾಡಿದ್ರು, ಸದ್ಯ ತೊಂದರೆ ಇಲ್ಲ. ಎಕೋಸ್ಪ್ರಿನ್ ಅವತ್ತೇ ಶುರು. ನೀಲಿ ಕಲೆ ಮಾತ್ರೆಯಿಂದಲೇ ಅಂತ ನೇರವಾಗಿ ಒಪ್ಪಿದ್ರು, ಮಲ ಕಪ್ಪಗಾದ್ರೆ ಅಥವಾ ತಲೆಗೆ ಪೆಟ್ಟಾದ್ರೆ ತಕ್ಷಣ ಬನ್ನಿ ಅಂದ್ರು. ಮೀನಖಂಡಕ್ಕೆ ರಕ್ತ ಪರೀಕ್ಷೆ ಮಾಡಿಸಿ ಸ್ಟಾಟಿನ್ ಬದಲಾಯಿಸಿ, ಡೋಸ್ ಇಳಿಸಿದ್ದಾರೆ. ನೋವಿನ ಲೆಕ್ಕ ಇಡೋಕೆ ಹೇಳಿದ್ದಾರೆ. ಅಪ್ಪ ಅದಕ್ಕೂ ಒಂದು ನೋಟ್‌ಬುಕ್ ಮಾಡಿದ್ದಾರೆ, ಮೊದಲ ಎರಡು ದಿನ ಹತ್ತಕ್ಕೆ ನಾಲ್ಕು, ಆಮೇಲೆ ಎರಡು, ನಿನ್ನೆ ಮತ್ತೆ ಐದು. (ನಿನ್ನೆ ತೆಂಗಿನಕಾಯಿ ಸುಲಿದಿದ್ದಾರೆ, ಅದನ್ನ ಬರ್ದಿಲ್ಲ.)

ಇನ್ನೊಂದು ಫಜೀತಿ. ಪಡುಬಿದ್ರಿ ಸಿಸ್ಟರ್ ಬರೆದಿದ್ದನ್ನೂ ಓದಿಬಿಟ್ಟೆ, ನನ್ನ ಗ್ರಹಚಾರ. ಈಗ ಅಮ್ಮನ ಕಾಫಿ ಮೇಲೆ ಬಿದ್ದಿದ್ದಾರೆ. ನನ್ನ ಕೈಲಿ ಅಡುಗೆ ಥರ್ಮಾಮೀಟರ್ ತರಿಸ್ಕೊಂಡು ದಿನಾ ಎರಡು ಹೊತ್ತು ಅಳೀತಾರೆ. ಲೋಟಕ್ಕೆ ಹಾಕಿದ ತಕ್ಷಣ 74. ದಬರಿಗೆ ನಾಲ್ಕು ಸಲ ಎತ್ತಿ ಹೊಯ್ದ ಮೇಲೆ 61. “ಎತ್ತಿ ಹೊಯ್ಯೋದು ನೊರೆಗೆ ಅಂದ್ಕೊಂಡಿದ್ದೆ” ಅಂತಾರೆ. ಅಮ್ಮ, “ನಲವತ್ತು ವರ್ಷದಿಂದ ಆರಿಸಿಯೇ ಕೊಡ್ತಿರೋದು, ಇವತ್ತು ಮೀಟರ್ ಇಟ್ಟು ಕಂಡುಹಿಡಿದ್ರು” ಅಂತ ಗೊಣಗ್ತಿದ್ದಾಳೆ.


ಮೀಟರ್ ಹಾಕ್ತೀನಿ · ರಾತ್ರಿ 9:02

ಅಕ್ಕಾ, ಖುಷಿ ಆಯ್ತು. ಬಿಪಿ ಚೆಕ್ ಮಾಡ್ಸಿದೆ, 150 ಮೇಲೆ ಇತ್ತು. ಇನ್ನೊಂದ್ಸಲ ನೋಡ್ಬೇಕು, ಬಾ ಅಂದಿದಾರೆ. ಸಿಗರೇಟು ಮೂರಕ್ಕೆ ಇಳ್ಸಿದೀನಿ, ಮೇಷ್ಟ್ರಿಗೆ ಹೇಳ್ಬೇಡಿ, ಪೂರ್ತಿ ಬಿಟ್ಮೇಲೆ ನಾನೇ ಹೇಳ್ತೀನಿ.


ಸಾಧನಕೇರಿ · ರಾತ್ರಿ 9:06

ಓದಿದೆ.


ಕವಳದ ಸಂಚಿ · ರಾತ್ರಿ 9:20

ಆ ಥರ್ಮಾಮೀಟರ್ ಎಲ್ಲಿ ಸಿಕ್ಕಿತು, ಎಷ್ಟಾಯ್ತು? ನಮ್ಮನೆಯಲ್ಲಿ ಕಷಾಯ ಅದಕ್ಕಿಂತ ಬಿಸಿ ಕುಡೀತಾರೆ ಅಂತ ಅನುಮಾನ.